ಮುಂಚಕ್ರದ ರಬ್ಬರ್ ಬೂಟು ಹರಿದರೆ

ಮಾರುತಿ ೮೦೦ ಕಾರಿನ ತಯಾರಿಕೆ ೨೦೧೪ರಲ್ಲಿ ನಿಂತರೂ ತರಕಾರಿ, ಹಾಲು ಸಾಗಿಸಲು ಅದನ್ನೇ ಉಳಿಸಿಕೊಂಡ ರೈತರಿದ್ದಾರೆ. ಇದರಲ್ಲಿ ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಚಕ್ರ ಉರುಳುತ್ತಲೇ ಅತ್ತಿತ್ತ ಹೊರಳಲೂ ಬೇಕಾದ್ದರಿಂದ ಆಕ್ಸಲ್ಲಿನ ತುದಿಯಲ್ಲಿ ಸಿ.ವಿ. ಜಾಯಿಂಟ್ ಎಂಬ ಕೀಲಿದೆ. ಅದರೊಳಗಿನ ಉಕ್ಕಿನ ಗುಂಡುಗಳು ಗ್ರೀಸಿನಲ್ಲಿ ಓಡಾಡುತ್ತವೆ. ಆ ಗ್ರೀಸನ್ನು ಹಿಡಿದಿಟ್ಟು ಧೂಳನ್ನು ತಡೆಯುವುದೇ ಮಡಿಕೆ ಮಡಿಕೆಯಾದ ರಬ್ಬರ್ ಬೂಟು. ಹೊಲದ ದಾರಿಯ ತೊಗರಿ ಕೂಳೆ ಚುಚ್ಚಿಯೋ, ರಬ್ಬರು ಹಳತಾಗಿ ಬಿರಿತೋ ಇದು ಹರಿಯುತ್ತದೆ.

ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರದ ಹಿಂಬದಿ ನೋಡಿರಿ. ರಿಮ್ಮಿನ ಒಳಮೈಗೆ ಕಪ್ಪು ಗ್ರೀಸು ಎರಚಿದ್ದರೆ ಮೊದಲು ಬೂಟನ್ನೇ ಸಂಶಯಿಸಬೇಕು. ತಿರುವಿನಲ್ಲಿ ಇನ್ನೂ ಸದ್ದಿಲ್ಲವೆಂದರೆ ಸುದೈವ. ಕೀಲನ್ನು ಬಿಚ್ಚಿ ತೊಳೆದು, ಮಾಲಿಬ್ಡಿನಮ್ ಸೇರಿದ ಗ್ರೀಸು ತುಂಬಿ, ಹೊಸ ಬೂಟು, ಹೊಸ ಕ್ಲಿಪ್ಪು ಹಾಕಿಸಿದರೆ ಸಾಕು. ಪಂಪ್‌ಸೆಟ್ಟಿಗೆಂದು ತಂದಿಟ್ಟ ಗ್ರೀಸು ಇಲ್ಲಿಗೆ ಸಲ್ಲದು. ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿಯುವ ನಮ್ಮ ಹಳ್ಳಿಯ ಉಪಾಯವೂ ಅಷ್ಟೆ. ತಿರುಗುವ ರಭಸಕ್ಕೆ ಬಿಚ್ಚಿಹೋಗುತ್ತದೆ.

ಸುಗ್ಗಿ ಮುಗಿಯಲೆಂದು ಮುಂದೂಡಿದರೆ ಮಣ್ಣು ಗ್ರೀಸಿನೊಡನೆ ಬೆರೆತು ಉಕ್ಕನ್ನು ಸಾಣೆಯಂತೆ ತೇಯುತ್ತದೆ. ತಿರುವಿನಲ್ಲಿ ‘ಟಕ್ ಟಕ್’ ಸದ್ದು ಕೇಳಿಸತೊಡಗಿದ ಮೇಲೆ ಬೂಟು ಬದಲಿಸಿ ಫಲವಿಲ್ಲ. ಕೀಲನ್ನೇ ಬದಲಿಸಬೇಕು; ಅದರ ಖರ್ಚು ಬೂಟಿನ ಹಲವು ಪಟ್ಟು.