ಹೋಳಿಗೆ ನಿನಗಿರಲಿ, ನಾಯಿಗೆ ಅನ್ನ ಇಡು

ಆಯುಧಪೂಜೆಗೆ ಕಂಪನಿಯಲ್ಲಿ ಕೊಡುವ ಸ್ವೀಟ್ ಬಾಕ್ಸನ್ನು ಗೇಟಿನ ನಾಯಿಗಳಿಗೆ ಹಾಕಬಹುದಾ ಮಾವ, ಅಂತ ಕೇಳಿದ್ದೀಯ. ಬೇಡ ಕಣಪ್ಪ.

ಒಂದು ಚೂರು ಮೈಸೂರು ಪಾಕ್ ತಿಂದ ಕೂಡಲೇ ನಾಯಿ ಸತ್ತುಬೀಳುತ್ತದೆ ಅಂತಲ್ಲ. ಎಲೆಕ್ಟ್ರಾನಿಕ್ ಸಿಟಿಯ ಬೀದಿಯಲ್ಲಿ ಬೆಳೆದ ನಾಯಿ ಅದಕ್ಕಿಂತ ಕೆಟ್ಟದ್ದನ್ನೂ ಅರಗಿಸಿಕೊಂಡಿರುತ್ತದೆ. ಆದರೆ ಆ ಡಬ್ಬದೊಳಗೆ ಏನೇನು ಬಿದ್ದಿದೆ ಅನ್ನುವುದು ನಿನಗೇ ಗೊತ್ತಿರುವುದಿಲ್ಲ. ಬಾಲ ಅಲ್ಲಾಡಿಸುತ್ತಾ ನಿಂತಿರುವ ಅದಕ್ಕೆ ಎಲ್ಲಿಂದ ಗೊತ್ತಾಗಬೇಕು? ಪಶುವೈದ್ಯ ಇಲಾಖೆಯ ನೌಕರಿ ಮುಗಿಸಿ ಪೀಣ್ಯದ ಮಗ್ಗುಲಲ್ಲೇ ಮನೆ ಮಾಡಿಕೊಂಡಿರುವ ನನಗೆ ದಸರಾ, ದೀಪಾವಳಿ ಅಂದರೆ ವಾಂತಿ ಭೇದಿಯ ನಾಯಿಗಳು ಬಾಗಿಲಿಗೆ ಬರುವ ಕಾಲ. ಕರೆತಂದವರೆಲ್ಲ ಒಳ್ಳೆಯವರೇ. ಪ್ರೀತಿಯಿಂದ ಹಾಕಿದವರೇ.

ಎಲ್ಲರೂ ಚಾಕೊಲೇಟಿಗೆ ಹೆದರುತ್ತಾರೆ. ನಮ್ಮ ಕಡೆಯ ಸಿಹಿಯಲ್ಲಿ ನನಗೆ ಹೆಚ್ಚು ಭಯ ಒಣದ್ರಾಕ್ಷಿಯದು. ಬೂಂದಿ ಲಾಡು, ಕೇಸರಿಬಾತ್, ಶಾವಿಗೆ ಪಾಯಸ, ಡ್ರೈಫ್ರೂಟ್ ಡಬ್ಬ, ಎಲ್ಲದರಲ್ಲೂ ಅದು ಇದ್ದೇ ಇರುತ್ತದೆ. ದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಡಿಸಿಬಿಡುತ್ತದೆ. ಎಷ್ಟು ತಿಂದರೆ ಅಪಾಯ ಎಂದು ಲೆಕ್ಕ ಹೇಳಲು ಬರುವುದಿಲ್ಲ: ಒಂದು ನಾಯಿ ಹಿಡಿತುಂಬ ತಿಂದು ಆರಾಮಾಗಿರುತ್ತದೆ, ಇನ್ನೊಂದು ನಾಲ್ಕಾರು ಕಾಳಿಗೇ ಮಲಗಿಬಿಡುತ್ತದೆ. ಯಾಕೆ ಹೀಗೆ ಎಂಬುದು ಬಹಳ ವರ್ಷ ಯಾರಿಗೂ ಬಗೆಹರಿದಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರಿಗೆ ಒಂದು ಸುಳಿವು ಸಿಕ್ಕಿತು. ಮಕ್ಕಳ ಆಟಕ್ಕೆಂದು ಮನೆಯಲ್ಲಿ ಕಲಸಿದ್ದ ಹಿಟ್ಟಿನ ಮುದ್ದೆಯನ್ನು ಒಂದು ನಾಯಿ ತಿಂದಿತ್ತು; ದ್ರಾಕ್ಷಿ ತಿಂದ ನಾಯಿಗೆ ಆಗುವುದೇ ಅದಕ್ಕೂ ಆಗಿತ್ತು. ಆ ಹಿಟ್ಟಿಗೆ ಕ್ರೀಮ್ ಆಫ್ ಟಾರ್ಟರ್ ಬೆರೆಸಿದ್ದರು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದರ ಮೂಲ ಇರಬೇಕು ಅನ್ನುವ ಅಂದಾಜಿಗೆ ಅವರು ಬಂದದ್ದು ಹಾಗೆ. ಈ ಆಮ್ಲ ಇನ್ನೆಲ್ಲಿ ಧಾರಾಳವಾಗಿದೆ ಗೊತ್ತಾ? ನಮ್ಮ ಹುಣಸೆಹಣ್ಣಿನಲ್ಲಿ. ಹುಣಸೆ ತಿಂದ ನಾಯಿಗಳಿಗೂ ಮೂತ್ರಪಿಂಡ ಕೆಟ್ಟ ವರದಿ ಆಮೇಲೆ ಬಂತು. ಹಾಗಾಗಿ ಪೂಜೆ ಮುಗಿದ ಮೇಲೆ ಉಳಿದ ಪುಳಿಯೋಗರೆ ದೊನ್ನೆಯನ್ನೂ ನಾಯಿ ಮುಂದೆ ಇಡಬೇಡ.

ದ್ರಾಕ್ಷಿ ತಿಂದ ನಾಯಿ ಸಾಮಾನ್ಯವಾಗಿ ಒಂದು ದಿನದೊಳಗೆ ವಾಂತಿ ಮಾಡುತ್ತದೆ. ಆಮೇಲೆ ವಾಂತಿ ನಿಲ್ಲಬಹುದು. ಸದ್ಯ ಹೋಯಿತಲ್ಲ ಎಂದು ನಿರಾಳವಾಗಿ ಕೂತುಬಿಡುತ್ತೀರಿ, ಅಲ್ಲೇ ಎಡವುವುದು. ಅದು ಉಚ್ಚೆ ಹುಯ್ಯುವುದು ಕಡಿಮೆಯಾಯಿತು ಅಂತ ಎರಡು ಮೂರು ದಿನ ಬಿಟ್ಟು ಗೊತ್ತಾಗುವ ಹೊತ್ತಿಗೆ ಡಾಕ್ಟರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ವೈಟ್‌ಫೀಲ್ಡ್‌ನಲ್ಲಿರುವ ನಿನ್ನ ಸ್ನೇಹಿತರಿಗೆ ಡಿಸೆಂಬರಿನಲ್ಲಿ ಇದನ್ನೇ ಇನ್ನೊಮ್ಮೆ ಹೇಳು. 1880ರ ದಶಕದಲ್ಲಿ ಆಂಗ್ಲೋ ಇಂಡಿಯನ್ನರು ಬಂದು ನೆಲೆಸಿದ ಊರು ಅದು; ಟೆಕ್ ಪಾರ್ಕುಗಳು ಬಂದದ್ದು ಮೊನ್ನೆ ಮೊನ್ನೆ. ಕ್ರಿಸ್‌ಮಸ್ ಪ್ಲಮ್ ಕೇಕ್ ಈಗ ಎಲ್ಲ ಆಫೀಸಿನ ಪ್ಯಾಂಟ್ರಿಯಲ್ಲೂ ಕತ್ತರಿಸುತ್ತಾರೆ. ರಮ್ಮಿನಲ್ಲಿ ನೆನೆಸಿದ ದ್ರಾಕ್ಷಿ ಅಂದರೆ ನಾಯಿಗೆ ಎರಡೆರಡು ಕಾಟ.

ಚಾಕೊಲೇಟಿನದು ಲೆಕ್ಕಕ್ಕೆ ಸಿಗುವ ವಿಷ. ಅದರಲ್ಲಿರುವ ಥಿಯೋಬ್ರೋಮಿನ್ ನಾಯಿಯ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಬೇಕು. ತೂಕದ ಒಂದು ಕಿಲೋಗೆ 20 ಮಿಲಿಗ್ರಾಂ ದಾಟಿದರೆ ವಾಂತಿ, ಚಡಪಡಿಕೆ, 40–50ಕ್ಕೆ ಎದೆಬಡಿತ ಏರುಪೇರು, 60ಕ್ಕೆ ಫಿಟ್ಸ್. 10 ಕೆಜಿಯ ನಾಯಿಗೆ ಹಾಲಿನ ಚಾಕೊಲೇಟ್ 100 ಗ್ರಾಂ ತಿಂದರೆ ಶುರುವಾಗುವ ತೊಂದರೆ, ಕಪ್ಪು ಚಾಕೊಲೇಟಾದರೆ 40 ಗ್ರಾಮಿಗೇ ಶುರು. ಕೋಕೋ ಪುಡಿಯಾದರೆ ಎರಡು ಚಮಚ ಸಾಕು.

ಶುಗರ್ ಫ್ರೀ ಎಂದು ಬರೆದ ಡಬ್ಬ ನೋಡಿ, ಸಕ್ಕರೆ ಇಲ್ಲವಲ್ಲ ನಾಯಿಗೆ ಒಳ್ಳೆಯದೇ ಅಂದುಕೊಳ್ಳುವವರಿದ್ದಾರೆ. ಡಬ್ಬ ತಿರುಗಿಸಿ ಹಿಂದಿನ ಸಣ್ಣಕ್ಷರ ಓದು. 965, 955 ಎಂದಿದ್ದರೆ ಮಾಲ್ಟಿಟಾಲ್, ಸುಕ್ರಲೋಸ್. ಭೇದಿಯಾದರೂ ಜೀವಕ್ಕೆ ಕುತ್ತಿಲ್ಲ. 967 ಎಂದಿದ್ದರೆ ಅದು ಕ್ಸೈಲಿಟಾಲ್. ನಮಗೆ ಏನೂ ಮಾಡದ ಈ ವಸ್ತು ನಾಯಿಯೊಳಗೆ ಹೋದರೆ ಇನ್ಸುಲಿನ್ ಒಮ್ಮೆಲೇ ಉಕ್ಕಿ, ಅರ್ಧ ಮುಕ್ಕಾಲು ಗಂಟೆಯೊಳಗೆ ರಕ್ತದ ಸಕ್ಕರೆ ಕುಸಿಯಬಹುದು. ನಾಯಿ ತೂರಾಡಿ ಬೀಳುತ್ತದೆ. 10 ಕೆಜಿಯ ನಾಯಿಗೆ ಒಂದೇ ಗ್ರಾಂ ಸಾಕು. ಪ್ರಮಾಣ ಹೆಚ್ಚಾದರೆ ಯಕೃತ್ತೂ ಹೋಗುತ್ತದೆ. ನಿಮ್ಮ ಬ್ಯಾಗಿನಲ್ಲಿರುವ ಚ್ಯೂಯಿಂಗ್ ಗಮ್ ಕೂಡ ಇದೇ ಜಾತಿಯದಿರಬಹುದು, ಒಮ್ಮೆ ನೋಡಿಬಿಡು.

ಇನ್ನು ತುಪ್ಪ. ಕೈಗೆ ಅಂಟುವಷ್ಟು ತುಪ್ಪ ಬಿಡುವ ಮೈಸೂರು ಪಾಕ್ ನನಗೂ ಇಷ್ಟವೇ, ನಿನ್ನ ಅತ್ತೆ ಬಚ್ಚಿಡುವಷ್ಟು. ಕಾಂಪೌಂಡಿನೊಳಗೆ ಬಿಸ್ಕತ್ತು ತಿಂದು ಗುಂಡಗಾಗಿರುವ ನಾಯಿ ಅಂಥದ್ದನ್ನು ಒಂದೇ ಸಲ ತಿಂದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಮುಂಗಾಲು ನೆಲಕ್ಕೆ ಚಾಚಿ, ಸೊಂಟ ಮೇಲೆತ್ತಿ, ನಮಸ್ಕಾರ ಮಾಡುವ ಹಾಗೆ ನಿಲ್ಲುತ್ತದೆ. ಆಟಕ್ಕೆ ಕರೆಯುತ್ತಿದೆ ಎಂದು ಫೋಟೋ ತೆಗೆಯುತ್ತಾ ಕೂರಬೇಡ. ವಾಂತಿಯೂ ಇದ್ದರೆ, ಹೊಟ್ಟೆ ಮುಟ್ಟಲು ಬಿಡದಿದ್ದರೆ ಅದು ನೋವು.

ತಿಂದದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡ. ಉಪ್ಪೇ ಇನ್ನೊಂದು ವಿಷವಾಗುತ್ತದೆ. ತಿಂದ ಎರಡು ಗಂಟೆಯೊಳಗೆ ಡಾಕ್ಟರ ಹತ್ತಿರ ಹೋದರೆ ಅವರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಹುದು. ಸ್ವೀಟ್ ಡಬ್ಬದ ಮುಚ್ಚಳವನ್ನೂ ಜೊತೆಗೆ ಒಯ್ಯಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನನಗೆ ಹತ್ತಿರ. ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟು ಹಬ್ಬದ ಹಿಂದಿನ ಸಂಜೆ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಆ ಎರಡು ಗಂಟೆ ಅಲ್ಲೇ ಮುಗಿಯುತ್ತದೆ. ರಾತ್ರಿಯೂ ತೆರೆದಿರುವ ಹತ್ತಿರದ ಕ್ಲಿನಿಕ್ ಯಾವುದೆಂದು ಇವತ್ತೇ ವಿಚಾರಿಸಿ ನಂಬರ್ ಇಟ್ಟುಕೋ.

ಇಷ್ಟೆಲ್ಲ ಹೇಳಿದ್ದು ನಾಯಿಯನ್ನು ದೂರ ಇಡು ಅಂತಲ್ಲ. ಹಬ್ಬಕ್ಕೆ ನಾಯಿಗೆ ಆಗುವ ದೊಡ್ಡ ತೊಂದರೆ ಬೇರೆಯೇ ಇದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಪೀಣ್ಯದಲ್ಲಿ ನವಮಿಯ ದಿನ ಲೇತ್ ಮೆಷಿನ್ನುಗಳನ್ನು ತೊಳೆದು, ವಿಭೂತಿ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ, ಸ್ವೀಟು ಹಂಚಿ ಮಧ್ಯಾಹ್ನಕ್ಕೆಲ್ಲ ಷಟರ್ ಎಳೆಯುತ್ತಾರೆ. ಹುಡುಗರೆಲ್ಲ ಬೋನಸ್ ಜೇಬಿಗೆ ಹಾಕಿಕೊಂಡು ಊರಿನ ಬಸ್ಸು ಹತ್ತುತ್ತಾರೆ. ಕ್ಯಾಂಟೀನ್ ಬಂದ್, ಟೀ ಅಂಗಡಿ ಬಂದ್. ವರ್ಷವಿಡೀ ಕ್ಯಾಂಟೀನಿನ ಅನ್ನ ಸಾರು ನಂಬಿದ ನಾಯಿಗಳಿಗೆ ಆಮೇಲೆ ಮೂರು ದಿನ ಸಿಗುವುದು ರಸ್ತೆಗೆ ಎಸೆದ ಡಬ್ಬಗಳು ಮಾತ್ರ. ಹಸಿದ ನಾಯಿ ರಬ್ಬರ್ ಬ್ಯಾಂಡು, ಬೆಳ್ಳಿ ಹಾಳೆ, ಲಾಡು ಎಲ್ಲವನ್ನೂ ಒಟ್ಟಿಗೆ ನುಂಗುತ್ತದೆ. ನಿಮ್ಮ ಕಡೆಯೂ ಪಿಜಿಗಳು ಖಾಲಿಯಾದ ಮೇಲೆ ಇದೇ ಕಥೆ.

ಹಾಕುವುದಾದರೆ ಆ ಮೂರು ದಿನ ಹಾಕು. 2025ರ ಜುಲೈನಲ್ಲಿ ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿ ಸುಮಾರು 5,000 ಬೀದಿನಾಯಿಗಳಿಗೆ ಊಟ ಕೊಡುವ ಯೋಜನೆ ಹೊರಡಿಸಿ ಎಲ್ಲರ ಬಾಯಿಗೆ ಬಿದ್ದಿತ್ತು, ನೆನಪಿದೆಯಾ? ಖರ್ಚಿನ ಜಗಳ ಹಾಗಿರಲಿ, ಊಟದ ಪಟ್ಟಿ ಮಾತ್ರ ಚೆನ್ನಾಗಿತ್ತು: ನಾಯಿಯೊಂದಕ್ಕೆ 150 ಗ್ರಾಂ ಕೋಳಿ, 100 ಗ್ರಾಂ ಅನ್ನ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ. ಕೋಳಿ ಬೇಯಿಸಲು ಪಿಜಿಯವರು ಬಿಡದಿದ್ದರೆ ಬೇಯಿಸಿದ ಮೊಟ್ಟೆ ಕಿವುಚಿ ಅನ್ನಕ್ಕೆ ಕಲಸು. ಈರುಳ್ಳಿ, ಬೆಳ್ಳುಳ್ಳಿ, ಒಗ್ಗರಣೆ ಬೇಡ.

ಜಾಗದ ವಿಚಾರದಲ್ಲಿ ಹಟ ಮಾಡಬೇಡ. ಎಲ್ಲೆಂದರಲ್ಲಿ ಬೀದಿಯಲ್ಲಿ ಹಾಕಬಾರದು, ಗೊತ್ತುಮಾಡಿದ ಜಾಗದಲ್ಲೇ ಹಾಕಬೇಕು ಎಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳು ಆಡುವ ಕಡೆ, ಲಿಫ್ಟಿನ ಬಾಗಿಲಲ್ಲಿ ಹಾಕಿ ಅಕ್ಕಪಕ್ಕದವರ ಜೊತೆ ಜಗಳಕ್ಕೆ ನಿಂತರೆ ಕೊನೆಗೆ ಪೆಟ್ಟು ತಿನ್ನುವುದು ನಾಯಿಯೇ.

ನಿಮ್ಮ ಗೇಟಿನಲ್ಲಿ ನೇಪಾಳದ ಸೆಕ್ಯುರಿಟಿಯವರಿದ್ದರೆ ಅವರನ್ನು ಜೊತೆ ಮಾಡಿಕೋ. ನಮ್ಮ ನರಕ ಚತುರ್ದಶಿಯ ಹೊತ್ತಿಗೆ ಅವರಲ್ಲಿ ಕುಕುರ್ ತಿಹಾರ್. ನಾಯಿಗೆ ಹೂವಿನ ಹಾರ ಹಾಕಿ, ಹಣೆಗೆ ತಿಲಕವಿಟ್ಟು ಊಟ ಹಾಕುವ ದಿನ. ಇದೆಲ್ಲ ಯಾವ ಸೀಮೆಯ ಆಚಾರ ಎಂದು ಯಾರಾದರೂ ಮೂಗು ಮುರಿದರೆ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗು. ಸುಮಾರು 950ರ ಆತಕೂರು ಶಾಸನ ಅಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೇರನಿಗೆ ಗಂಗರ ದೊರೆ ಬೂತುಗ, ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಡುಹಂದಿಯೊಡನೆ ಕಾದಾಡಿ ಸತ್ತ ಆ ನಾಯಿಗೆ ಮಂಡ್ಯದ ಕಡೆಯ ನಮ್ಮವರು ಕಲ್ಲು ನೆಡಿಸಿದ್ದರು.

ರಜೆಗೆ ಊರಿಗೆ ಬರುವುದಾದರೆ ಹೊರಡುವ ಮುಂಚೆ ಅಕ್ಕಿ, ಒಂದು ಟ್ರೇ ಮೊಟ್ಟೆ ತೆಗೆದು ಗೇಟಿನವರ ಕೈಗೆ ಕೊಟ್ಟು ಬಾ. ನೀರಿಗೆ ಪ್ಲಾಸ್ಟಿಕ್ ಡಬ್ಬ ಬೇಡ, ಉರುಳಿಸಿಬಿಡುತ್ತವೆ. ಸಿಮೆಂಟಿನ ತೊಟ್ಟಿ ಇಡಿಸು.