ಗಟ್ಟಿ ಉಕ್ಕಿನ ಚಾಕುವಿಗೆ ಎಂಥ ಡೈಮಂಡ್ ಕಲ್ಲು?

ಹೊರದೇಶದಿಂದ ರಜೆಗೆ ಬರುವ ನಮ್ಮ ಹುಡುಗರ ಜೇಬಿನಲ್ಲಿ ಮಡಚುವ ಚಾಕು ಇದ್ದರೆ ಅದರ ಅಲಗಿನ ಬುಡದಲ್ಲಿ ಎಸ್30ವಿ, ಎಂ390, ಮ್ಯಾಗ್ನಾಕಟ್ ಎಂದು ಏನಾದರೂ ಕೆತ್ತಿರುತ್ತದೆ. ಒಳ್ಳೆಯ ಉಕ್ಕುಗಳೇ. ಬೇಗ ಮೊಂಡಾಗುವುದಿಲ್ಲ. ಆದರೆ ಒಮ್ಮೆ ಮೊಂಡಾದರೆ ಮನೆಯ ಸಾಣೆಕಲ್ಲಿಗೆ ಜಪ್ಪಯ್ಯ ಅನ್ನುವುದಿಲ್ಲ. ಆಗ ಕೈಗೆ ಸಿಕ್ಕ ಡೈಮಂಡ್ ಕಲ್ಲನ್ನು ಕೊಂಡು ತಂದು ಉಜ್ಜಲು ಕೂರುತ್ತಾರೆ. ಕಾರ್ಖಾನೆಯ ಟೂಲ್ ರೂಮಿನಲ್ಲಿ ಕಾರ್ಬೈಡ್ ಟೂಲುಗಳನ್ನು ಮಸೆಯುತ್ತಲೇ ಆಯುಷ್ಯ ಕಳೆದವನು ನಾನು. ದುಡ್ಡು ದಂಡವಾಗದಿರಲಿ, ಒಳ್ಳೆಯ ಅಲಗು ಕೆಡದಿರಲಿ ಎಂದು ಇಷ್ಟು ಹೇಳುತ್ತೇನೆ, ಮಕ್ಕಳೇ.

• ಮೊದಲು ಉಕ್ಕು ಯಾವುದೆಂದು ನೋಡಿ, ಕಲ್ಲಿನ ಮಾತು ಆಮೇಲೆ. ಗಟ್ಟಿ ಎಂದ ಮಾತ್ರಕ್ಕೆ ಮಸೆಯುವುದು ಕಷ್ಟವಾಗಬೇಕಿಲ್ಲ. ಜಪಾನಿನ ಅಡುಗೆ ಚಾಕುಗಳ ಸಾದಾ ಕಾರ್ಬನ್ ಉಕ್ಕು ರಾಕ್‌ವೆಲ್ ಮಾಪನದಲ್ಲಿ 62 ಇದ್ದರೂ ನೀರುಕಲ್ಲಿನ ಮೇಲೆ ಸಲೀಸಾಗಿ ಹರಿತವಾಗುತ್ತದೆ. ತೊಡಕೆಲ್ಲ ಇರುವುದು ವನೇಡಿಯಮ್‌ನಲ್ಲಿ. ಎಸ್30ವಿಯಲ್ಲಿ ಅದು ಶೇ. 4, ಎಸ್90ವಿಯಲ್ಲಿ ಶೇ. 9. ಇಂಗಾಲದೊಡನೆ ಸೇರಿ ಅದು ಉಕ್ಕಿನೊಳಗೆ ಕಾರ್ಬೈಡ್ ಕಣಗಳಾಗಿ ಕೂತಿರುತ್ತದೆ, ಕಾಂಕ್ರೀಟಿನೊಳಗಿನ ಜಲ್ಲಿಯ ಹಾಗೆ. ವಿಕರ್ಸ್ ಮಾಪನದಲ್ಲಿ ಆ ಕಣದ ಗಡಸುತನ ಸುಮಾರು 2800. ಮಾಮೂಲಿ ಕಲ್ಲಿನ ಅಲ್ಯುಮಿನಿಯಮ್ ಆಕ್ಸೈಡ್ ಸುಮಾರು 2100, ಕಾರ್ಬೊರಂಡಮ್ ಸುಮಾರು 2500. ಅದಕ್ಕೇ ಕಣದ ಸುತ್ತಲಿನ ಉಕ್ಕು ಸವೆಯುತ್ತದೆ, ಕಣ ಮಾತ್ರ ಹಾಗೇ ಉಳಿಯುತ್ತದೆ. ವಜ್ರದ ಗಡಸುತನ 7000ಕ್ಕೂ ಮೇಲೆ. ಅದಕ್ಕೆ ಉಕ್ಕೂ ಒಂದೇ, ಕಣವೂ ಒಂದೇ.

• ಊರ ಕಮ್ಮಾರ ಬಡಿದುಕೊಟ್ಟ ಕತ್ತಿಗೆ, ಅಡಿಕೆ ಸುಲಿಯುವ ಕತ್ತಿಗೆ, 1095ರಂಥ ಹಳೆಯ ಉಕ್ಕಿನ ಚಾಕುವಿಗೆ ಡೈಮಂಡ್ ಕೊಳ್ಳಬೇಡಿ. ಅವಕ್ಕೆ ಮನೆಯ ಕಲ್ಲೇ ಸಾಕು.

• "ವಜ್ರ" ಎಂದು ಬೆಲೆಗೆ ಹೆದರಬೇಕಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ 1954ರಲ್ಲಿ ವಜ್ರ ತಯಾರಾದ ಮೇಲೆ ಕೈಗಾರಿಕೆಗೆ ಬೇಕಾದ ವಜ್ರದ ಪುಡಿ ಕಾರ್ಖಾನೆಯ ಸರಕಾಯಿತು. ಕಲ್ಲಿನ ಮೇಲಿರುವುದು ಅಂಥದ್ದೇ.

• ಕಲ್ಲಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಲೋಹದ ತಟ್ಟೆಯ ಮೇಲೆ ವಜ್ರದ ಪುಡಿಯನ್ನು ನಿಕ್ಕಲ್ ಲೇಪನದಿಂದ ಹಿಡಿಸಿದ ಪ್ಲೇಟು. ಅಮೆರಿಕದ ಡಿಎಂಟಿ, ಜಪಾನಿನ ಅಟೋಮಾ ಈ ಬಗೆಯವು. ವಜ್ರ ಒಂದೇ ಪದರ. ಅದು ಉದುರಿದರೆ ಪ್ಲೇಟು ಮುಗಿಯಿತು. ಆದರೆ ಎಂದೂ ಗುಳಿ ಬೀಳುವುದಿಲ್ಲ, ನೆನೆಹಾಕುವ ಗೋಜಿಲ್ಲ. ಇನ್ನೊಂದು, ರಾಳದಲ್ಲಿ ವಜ್ರ ಕಲಸಿ ಅಚ್ಚು ಹಾಕಿದ ಕಲ್ಲು. ಮೇಲಿನ ಪದರ ಸವೆದಂತೆ ಒಳಗಿಂದ ಹೊಸ ವಜ್ರ ಹೊರಬರುತ್ತದೆ. ಗೀರು ಕಡಿಮೆ, ಅಂಚಿನ ನಯ ಹೆಚ್ಚು. ಬೆಲೆಯೂ ಹೆಚ್ಚು, ಆರೈಕೆಯೂ ಹೆಚ್ಚು: ಮೈ ಕಟ್ಟಿಕೊಂಡಾಗ ಗಾಜಿನ ಮೇಲೆ ಕಾರ್ಬೊರಂಡಮ್ ಪುಡಿ ಹರಡಿ ಉಜ್ಜಿ ಬಾಯಿ ತೆರೆಸಬೇಕು. ಮೊದಲ ಸಲ ಕೊಳ್ಳುವವರು ನಿಕ್ಕಲ್ ಪ್ಲೇಟನ್ನೇ ತೆಗೆದುಕೊಳ್ಳಿ. ಕೈ ಕುದುರಿದ ಮೇಲೆ ನಯವಾದ ರಾಳದ ಕಲ್ಲೊಂದನ್ನು ಸೇರಿಸಿಕೊಳ್ಳಬಹುದು.

• ಪೆಟ್ಟಿಗೆಯ ಮೇಲಿನ ಗ್ರಿಟ್ ಸಂಖ್ಯೆಗಿಂತ ಮೈಕ್ರಾನ್ ನೋಡಿ. ಗ್ರಿಟ್ ಎಣಿಸುವ ಪದ್ಧತಿ ಒಂದೊಂದು ದೇಶಕ್ಕೆ ಒಂದೊಂದು. ಮೈಕ್ರಾನ್ ಎಂದರೆ ವಜ್ರದ ಹರಳಿನ ಗಾತ್ರ, ಅದು ಎಲ್ಲೆಡೆಯೂ ಒಂದೇ. ಡಿಎಂಟಿಯಲ್ಲಿ ಕಪ್ಪು 60 ಮೈಕ್ರಾನ್, ನೀಲಿ 45, ಕೆಂಪು 25, ಹಸಿರು 9. ಜೇಬಿನ ಚಾಕುವಿಗೆ ನೀಲಿ ಅಥವಾ ಕೆಂಪಿನಲ್ಲಿ ಒಂದು, ಹಸಿರಿನದೊಂದು, ಎರಡೇ ಸಾಕು. ಅಂಚು ಚಕ್ಕೆ ಎದ್ದು ಹೋಗಿದ್ದರೆ ಮಾತ್ರ ಕಪ್ಪು. ಐದಾರು ತುಣುಕುಗಳ ಅಗ್ಗದ ಸೆಟ್ಟಿಗಿಂತ ಎರಡು ಒಳ್ಳೆಯ ಪ್ಲೇಟು ಮೇಲು ಎಂದು ನಾನು ಒತ್ತಿ ಹೇಳುತ್ತೇನೆ. ಅಗ್ಗದ ಪ್ಲೇಟಿನಲ್ಲಿ ನಯವಾದ ಪುಡಿಯ ನಡುವೆ ದಪ್ಪ ಹರಳು ಸೇರಿರುವುದುಂಟು. ಅಂಥ ಒಂದು ಹರಳು ಸಾಕು, ಅಂಚಿನುದ್ದಕ್ಕೂ ಗೀರು ಬೀಳಲು.

• ಕೊಂಡ ಕೂಡಲೇ ಸ್ಟೀಲ್ ಸ್ಕೇಲನ್ನು ಪ್ಲೇಟಿನ ಮೇಲೆ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ. ನಡುವೆ ಬೆಳಕು ತೂರಿದರೆ ಪ್ಲೇಟು ಬಾಗಿದೆ, ಹಿಂದಿರುಗಿಸಿ. ಉದ್ದ ಆರು ಇಂಚು, ಅಗಲ ಎರಡು ಇಂಚು ಇದ್ದರೆ ಈ ಕೆಲಸಕ್ಕೆ ಧಾರಾಳ. ಬೆರಳುದ್ದದ ತುಂಡು ಪ್ರವಾಸಕ್ಕೆ ಸರಿ. ಅದರಲ್ಲಿ ಮಸೆಯಲು ಕಲಿಯಲಾಗದು, ಅಲಗಿನ ಕೋನ ತಪ್ಪುತ್ತಲೇ ಇರುತ್ತದೆ.

• ಮೈಮೇಲೆ ದುಂಡು ದುಂಡು ಗುಳಿಗಳಿರುವ ಪ್ಲೇಟೂ ಸಿಗುತ್ತದೆ. ಉಜ್ಜಿದ ಪುಡಿ ಆ ಗುಳಿಗೆ ಇಳಿಯಲಿ ಎಂದು ಮಾಡಿರುವುದು. ದೊಡ್ಡ ಅಲಗಿಗೆ ಅನುಕೂಲ. ಸಣ್ಣ ಚಾಕುವಿನ ಚೂಪು ತುದಿ ಅದರಲ್ಲಿ ತೊಡರುತ್ತದೆ. ಸಪಾಟು ಮೈಯದನ್ನೇ ಕೇಳಿ ತನ್ನಿ.

• ಹೊಸ ಪ್ಲೇಟು ಮೊದಮೊದಲು ಕರಕರ ಎನ್ನುತ್ತದೆ, ಹೇಳಿದ ಮೈಕ್ರಾನಿಗಿಂತ ಒರಟಾಗಿ ಗೀರುತ್ತದೆ. ಮೇಲೆದ್ದು ನಿಂತ ಹರಳುಗಳು ಉದುರಿದ ಮೇಲೆ ಸದ್ದು ಮೆತ್ತಗಾಗುತ್ತದೆ. ಅಲ್ಲಿಯವರೆಗೆ ಹಳೆಯ ಉಳಿಯನ್ನೋ ಅಡುಗೆಮನೆಯ ಚಾಕುವನ್ನೋ ಉಜ್ಜಿ. ಪ್ರೀತಿಯ ಚಾಕುವನ್ನು ಮೊದಲ ದಿನವೇ ಇಡಬೇಡಿ.

• ಒತ್ತಬೇಡಿ. ಡೈಮಂಡ್ ಪ್ಲೇಟು ಹಾಳಾಗುವುದು ಬಹುಪಾಲು ಇದರಿಂದಲೇ. ಸಾಣೆಕಲ್ಲಿನ ಅಭ್ಯಾಸದಲ್ಲಿ ಭಾರ ಹಾಕಿ ತಿಕ್ಕಿದರೆ ಹರಳು ನಿಕ್ಕಲ್‌ನಿಂದ ಕಿತ್ತು ಬರುತ್ತದೆ. ಅಲಗಿನ ತೂಕದ ಮೇಲೆ ಬೆರಳಿನದು ಒಂದಿಷ್ಟು ಸೇರಿದರೆ ಸಾಕು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಚಿಮುಕಿಸಿ, ಎಣ್ಣೆ ಬೇಡ. ನಾಲ್ಕೆಳೆತಕ್ಕೆ ನೀರು ಬೂದು ಬಣ್ಣಕ್ಕೆ ತಿರುಗಿತೆಂದರೆ ಉಕ್ಕು ಸವೆಯುತ್ತಿದೆ ಎಂದು ಗೊತ್ತು. ಮುಗಿದ ಮೇಲೆ ತೊಳೆದು, ಒರೆಸಿ, ಒಣಗಿಸಿಯೇ ಎತ್ತಿಡಿ. ಅಂಚಿನಲ್ಲಿ ಲೇಪನ ಕಿತ್ತಿದ್ದರೆ ಅಲ್ಲಿಂದ ತುಕ್ಕು ಶುರುವಾಗುತ್ತದೆ.

• ಡೈಮಂಡ್ ವೀಲಿಗೆ ಉಕ್ಕು ಹಿಡಿಯಬಾರದು ಎಂದು ಟೂಲ್ ರೂಮಿನಲ್ಲಿ ಕೆಲಸ ಕಲಿತವರು ನಿಮ್ಮನ್ನು ತಡೆಯಬಹುದು. ಅವರ ಮಾತು ವೀಲಿನ ಮಟ್ಟಿಗೆ ನಿಜ. ವೇಗವಾಗಿ ತಿರುಗುವ ವೀಲಿನ ಕಾವಿಗೆ ವಜ್ರದ ಇಂಗಾಲ ಕಬ್ಬಿಣದಲ್ಲಿ ಕರಗುತ್ತದೆ, ವೀಲು ಬೇಗ ಸವೆಯುತ್ತದೆ. ಕೈಯಲ್ಲಿ ಮಸೆಯುವಾಗ ಅಷ್ಟು ಕಾವು ಏಳುವುದೇ ಇಲ್ಲ. ಧೈರ್ಯವಾಗಿ ಮಸೆಯಿರಿ.

• ಕೋನ ಒಂದೊಂದು ಬದಿಗೆ 15ರಿಂದ 20 ಡಿಗ್ರಿ. ಅಂದಾಜು ಸಿಗದಿದ್ದರೆ ಅಂಚಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ಎರಡೆಳೆತ ಎಳೆದು ನೋಡಿ. ಶಾಯಿ ತುದಿಯವರೆಗೂ ಅಳಿಸಿದ್ದರೆ ಸರಿ. ಮೇಲ್ಭಾಗದಲ್ಲಿ ಮಾತ್ರ ಅಳಿಸಿದ್ದರೆ ಅಲಗಿನ ಬೆನ್ನನ್ನು ತುಸು ಎತ್ತಬೇಕು. ಒಂದು ಬದಿ ಪೂರಾ ಮಸೆದಾಗ ಆಚೆ ಬದಿಯ ಅಂಚಿನಲ್ಲಿ ಕೂದಲೆಳೆಯಷ್ಟು ತರಿ ಮೂಡುತ್ತದೆ. ಹೆಬ್ಬೆರಳನ್ನು ಅಂಚಿನಿಂದ ಹೊರಮುಖವಾಗಿ ಮೆಲ್ಲಗೆ ಸವರಿದರೆ ತಗಲುತ್ತದೆ. ಅಂಚಿನುದ್ದಕ್ಕೆ ಬೆರಳು ಎಳೆಯುವುದು ಮಾತ್ರ ಯಾವತ್ತೂ ಬೇಡ. ಬುಡದಿಂದ ತುದಿಯವರೆಗೆ ತರಿ ಸಿಕ್ಕ ಮೇಲೇ ಚಾಕು ಮಗುಚಿ. ವನೇಡಿಯಮ್ ಉಕ್ಕಿನಲ್ಲಿ ಈ ತರಿ ಹಠಮಾರಿ. ಹಸಿರು ಪ್ಲೇಟಿನ ಮೇಲೆ ಬದಿ ಬದಲಿಸುತ್ತ, ಒಂದೊಂದೇ ಹಗುರ ಎಳೆತದಲ್ಲಿ ಇಳಿಸಬೇಕು. ಉಳಿದದ್ದನ್ನು 1 ಮೈಕ್ರಾನ್ ಡೈಮಂಡ್ ಪೇಸ್ಟ್ ಹಚ್ಚಿದ ಚರ್ಮದ ಪಟ್ಟಿಯ ಮೇಲೆ, ಅಂಚು ಹಿಂದಾಗಿ ಎಳೆದು ತೆಗೆಯಿರಿ.

• ಬೇರೆ ಕಲ್ಲಿನ ಗುಳಿ ತೆಗೆದು ಮಟ್ಟ ಮಾಡಲು ಚಾಕುವಿನ ಪ್ಲೇಟನ್ನು ಯಾರಿಗೂ ಕೊಡಬೇಡಿ. ಸಡಿಲ ಪುಡಿ ಹರಳಿನ ಬುಡದ ನಿಕ್ಕಲ್ಲನ್ನು ಕೊರೆದುಹಾಕುತ್ತದೆ.

• ಹಳೆಯ ಪ್ಲೇಟು ಹಿಡಿಯುತ್ತಿಲ್ಲ ಎಂದು ಎಸೆಯುವ ಮುನ್ನ ಸೋಪು ಹಾಕಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಚೆನ್ನಾಗಿ ತಿಕ್ಕಿ ತೊಳೆಯಿರಿ. ಹರಳುಗಳ ಸಂದಿನಲ್ಲಿ ಉಕ್ಕಿನ ಪುಡಿ ಕಟ್ಟಿಕೊಂಡರೂ ಪ್ಲೇಟು ಜಾರುತ್ತದೆ. ತೊಳೆದು ಒಣಗಿಸಿದ ಮೇಲೆ ಉಗುರಿನ ತುದಿಯಿಂದ ಕೆರೆದು ನೋಡಿ. ಉಗುರಿನ ಪುಡಿ ಬಿಳಿಯಾಗಿ ಅಂಟಿಕೊಂಡರೆ ವಜ್ರ ಇನ್ನೂ ಇದೆ. ಉಗುರು ಸುಮ್ಮನೆ ಜಾರಿದರೆ ಹೊಸದು ತನ್ನಿ.