ಮನೆಯ ಸುತ್ತಲಿನ ಕಣಜದ ಗೂಡುಗಳು: ತೆಗೆಯತಕ್ಕವು ಯಾವವು, ಬಿಡತಕ್ಕವು ಯಾವವು?



ಕಣಜವೆಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಕಾಳು ತುಂಬುವ ಉಗ್ರಾಣವೂ ಕಣಜವೇ. ಕಡಜವೆಂದು ಹೆಸರುಳ್ಳ ಕುಟುಕುವ ಹುಳವೂ ಕಣಜವೇ. ಸುರಪುರದ ಸೀಮೆಯ ರೈತನಿಗೆ ಈ ಎರಡರ ಸಂಗಡಲೂ ಕೆಲಸವುಂಟು. ಮೊದಲನೆಯದು ತುಂಬುವದಕ್ಕೆ ಎರಡನೆಯದೂ ಸ್ವಲ್ಪ ಸಹಾಯ ಮಾಡುತ್ತದೆಂಬದು ಅನೇಕರಿಗೆ ತಿಳಿಯದು. ಆದಕಾರಣ ಗೂಡು ಕಂಡ ಕೂಡಲೆ ಕೊಳ್ಳಿ ಹಿಡಿದು ಓಡುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಯಾವ ಗೂಡನ್ನು ಬಿಡಬೇಕು, ಯಾವದನ್ನು ತೆಗೆಯಬೇಕು, ತೆಗೆಯುವಾಗ ಮನುಷ್ಯನ ಜೀವವನ್ನು ಹೇಗೆ ಕಾಯಬೇಕು ಎಂಬ ಮೂರು ಸಂಗತಿಗಳನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಗೂಡುಗಳ ಗುರುತು

ಮೊದಲನೆಯದು ಮಣ್ಣಿನ ಗೂಡು. ಗೋಡೆಯ ಮೂಲೆಯಲ್ಲಿಯೂ ಬಾಗಿಲ ಚೌಕಟ್ಟಿನ ಮೇಲೆಯೂ ಒಂಟಿ ಹುಳವೊಂದು ಕೆಸರು ತಂದು ಇದನ್ನು ಕಟ್ಟುತ್ತದೆ. ಅದು ಕಂಬಳಿಹುಳವನ್ನಾಗಲಿ ಜೇಡವನ್ನಾಗಲಿ ಕುಟುಕಿ, ಸಾಯಿಸದೆ ಅಲುಗದಂತೆ ಮಾಡಿ, ತನ್ನ ಮೊಟ್ಟೆಯ ಸಂಗಡ ಗೂಡಿನಲ್ಲಿಟ್ಟು ಬಾಯಿ ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿಯು ಆ ಆಹಾರವನ್ನು ತಿಂದು, ಬೆಳೆದು, ರೆಕ್ಕೆಯುಳ್ಳದ್ದಾಗಿ ಹೊರಗೆ ಬರುತ್ತದೆ. ಹುಳವು ಒಳಗೆ ಹೋದದ್ದನ್ನೂ ಕಣಜವು ಹೊರಗೆ ಬಂದದ್ದನ್ನೂ ಕಂಡ ಹಿರಿಯರು, ಹುಳವೇ ಭ್ರಮರವಾಯಿತೆಂದು ಎಣಿಸಿ ಕೀಟಭ್ರಮರ ನ್ಯಾಯವೆಂಬ ದೃಷ್ಟಾಂತವನ್ನು ಹೇಳುತ್ತಿದ್ದರು. ನಡೆಯುವದು ಹಾಗಲ್ಲ, ಒಂದು ಸತ್ತು ಮತ್ತೊಂದು ಬೆಳೆಯುತ್ತದೆ. ಈ ಹುಳಕ್ಕೆ ಗೂಡು ಕಾಯುವ ದಂಡು ಇಲ್ಲ. ಕೈಯಲ್ಲಿ ಹಿಡಿಯದ ಹೊರತು ಅದು ಕುಟುಕುವದು ಅಪರೂಪ.

ಎರಡನೆಯದು ಕಾಗದದ ಗೂಡು. ಸೂರಿನ ಕೆಳಗೆ, ಜಂತಿಯ ಸಂದಿನಲ್ಲಿ, ಪೊದೆಯಲ್ಲಿ ಒಂದು ಸಣ್ಣ ತೊಟ್ಟಿನಿಂದ ತೂಗುವ ಬೂದು ಬಣ್ಣದ ಹುಟ್ಟು ಇದು. ಅದರ ಕೋಣೆಗಳು ಮುಚ್ಚಳವಿಲ್ಲದೆ ಕಣ್ಣಿಗೆ ಕಾಣುತ್ತವೆ. ಕಣಜವು ಗಿಡದ ನಾರನ್ನು ಕೆರೆದು, ಉಗುಳಿನಿಂದ ಕಲಸಿ ಈ ಕಾಗದವನ್ನು ಮಾಡುತ್ತದೆ. ಇರುವೆ ಹತ್ತದಂತೆ ತೊಟ್ಟಿಗೆ ಒಂದು ದ್ರವವನ್ನೂ ಸವರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರಾದ ರಾಘವೇಂದ್ರ ಗದಗಕರ್ ಎಂಬವರು ಈ ಜಾತಿಯ ರೊಪಾಲಿಡಿಯ ಮಾರ್ಜಿನೇಟಾ ಎಂಬ ಕಣಜವನ್ನು ಅನೇಕ ವರುಷ ಅಭ್ಯಾಸ ಮಾಡಿ, 2001ರಲ್ಲಿ ಅದರ ಸಂಘಜೀವನದ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದರು.

ಮೂರನೆಯದು ದೊಡ್ಡ ಕಡಜದ ಗೂಡು. ಕೆಂಗಂದು ಮೈಯೂ ಹಳದಿ ಪಟ್ಟೆಯೂ ಉಳ್ಳ ಒಂದು ಜಾತಿಯು ನೆಲದ ಬಿಲದಲ್ಲಿ, ಹಳೇ ಗೋಡೆಯ ಪೊಟರೆಯಲ್ಲಿ ವಾಸಿಸುತ್ತದೆ. ಬಿಸಿಲು ಏರಿದಷ್ಟೂ ಅದರ ಓಡಾಟ ಹೆಚ್ಚು. ಕರೀ ಮೈಯ ಮೇಲೆ ಒಂದೇ ಅಗಲವಾದ ಹಳದಿ ಪಟ್ಟೆಯುಳ್ಳ ಮತ್ತೊಂದು ಜಾತಿಯು ಕಾಗದದ ಕಣಜಗಳ ವೈರಿ. ಅದು ಬಂದು ಮರಿಗಳನ್ನು ಕದ್ದು ತಿನ್ನುವಾಗ ಅವು ಗೂಡು ಬಿಟ್ಟು ಓಡಿಹೋಗುತ್ತವೆ. ದೊಡ್ಡ ಕಡಜಗಳು ಗೂಡಿನ ರಕ್ಷಣೆಗಾಗಿ ಗುಂಪುಗುಂಪಾಗಿ ಬೀಳುತ್ತವೆ. ನಿಜವಾದ ಅಪಾಯವು ಇವುಗಳಿಂದಲೇ.

ನಾಲ್ಕನೆಯದು ಕಣಜವಲ್ಲ, ಹೆಜ್ಜೇನು. ಬಂಡೆಯ ಕೆಳಗೆ, ದೊಡ್ಡ ಮರದ ಕೊಂಬೆಗೆ, ಎತ್ತರವಾದ ನೀರಿನ ಟಾಕಿಗೆ ಒಂದೇ ದೊಡ್ಡ ಹುಟ್ಟಾಗಿ ಅದು ತೂಗುತ್ತದೆ. ಅನುಭವವುಳ್ಳ ಜೇನುಕಾರರ ಹೊರತು ಮತ್ತಾರೂ ಅದನ್ನು ಮುಟ್ಟಬಾರದು.

2. ಬಿಡತಕ್ಕ ಗೂಡುಗಳು

ನಮ್ಮ ಹೊಲಗಳಲ್ಲಿ ತೊಗರಿಯೂ ಹತ್ತಿಯೂ ಉಂಟು. ಈ ಬೆಳೆಗಳನ್ನು ಕೆಡಿಸುವ ಹಸಿರು ಕೊರಕ ಹುಳದ ಉಪದ್ರವವನ್ನು ಬಲ್ಲದ ರೈತನಿಲ್ಲ. ಕಾಗದದ ಕಣಜವು ತನ್ನ ಮರಿಗಳಿಗೆ ಮೇವಾಗಿ ಇಂಥ ಹುಳಗಳನ್ನೇ ಕತ್ತರಿಸಿ, ಉಂಡೆಮಾಡಿ ಒಯ್ಯುತ್ತದೆ. ಕಣಜಗಳಿಂದಲೇ ಬೆಳೆ ಉಳಿಯುವದೆಂದು ಹೇಳಲಾಗದು. ಆದರೂ ಕೂಲಿ ಕೇಳದೆ ದಿನವೆಲ್ಲಾ ಹೊಲ ಕಾಯುವ ಆಳನ್ನು ಸುಮ್ಮನೆ ಕೊಲ್ಲುವದು ಬುದ್ಧಿಯಲ್ಲ. ಹೊಲದ ಬದುವಿನ ಪೊದೆಯಲ್ಲಿ, ಜನರು ಹೋಗದ ಹಿತ್ತಲ ಮೂಲೆಯಲ್ಲಿ, ಕೈಗೆ ಎಟುಕದ ಎತ್ತರದಲ್ಲಿ ಇರುವ ಕಾಗದದ ಗೂಡನ್ನು ಬಿಡಬಹುದು. ಮಣ್ಣಿನ ಗೂಡನ್ನಂತೂ ಬಿಡಲೇಬಹುದು. ಬೇಡವಾದರೆ ಹುಳವಿಲ್ಲದ ಸಮಯ ನೋಡಿ ಕಟ್ಟಿಗೆಯಿಂದ ಕೆರೆದರೆ ಸಾಕು.

ಚಳಿದೇಶಗಳಲ್ಲಿ ಹಿಮಕಾಲ ಬಂದಾಗ ಕಣಜದ ದಂಡೆಲ್ಲಾ ಸತ್ತು, ಹೊಸ ರಾಣಿಗಳು ಮಾತ್ರ ಅಡಗಿ ಉಳಿಯುತ್ತವೆ. ಆದಕಾರಣ ಅಲ್ಲಿಯವರು ಚಳಿಗಾಲದ ತನಕ ಕಾದರಾಯಿತು. ದಕ್ಷಿಣ ಹಿಂದುಸ್ಥಾನದಲ್ಲಾದರೋ ಕಾಗದದ ಕಣಜಗಳು ವರುಷದ ಎಲ್ಲಾ ತಿಂಗಳುಗಳಲ್ಲಿಯೂ ಗೂಡು ಕಟ್ಟುತ್ತವೆ. ಜನರು ನಡೆದಾಡುವ ಸ್ಥಳದಲ್ಲಿ ಗೂಡು ಆದರೆ ತಾನಾಗಿ ಹೋದೀತೆಂದು ಕಾಯುವದರಿಂದ ಪ್ರಯೋಜನವಿಲ್ಲ.

3. ತೆಗೆಯತಕ್ಕ ಗೂಡುಗಳು ಮತ್ತು ಕ್ರಮ

ಬಾಗಿಲ ಮೇಲೆ, ಶಾಲೆಯ ಕಿಟಕಿಯಲ್ಲಿ, ನೀರಿನ ನಳದ ಹತ್ತಿರ, ದನದ ಕೊಟ್ಟಿಗೆಯಲ್ಲಿ, ಪಾಯಖಾನೆಯಲ್ಲಿ, ಅಂದರೆ ಮನುಷ್ಯರ ಕೈಯೂ ತಲೆಯೂ ತಗಲುವ ಸ್ಥಳಗಳಲ್ಲಿರುವ ಗೂಡನ್ನು ತೆಗೆಯಲೇಬೇಕು. ಮುಂಚೆ ಕಣಜ ಕುಟುಕಿ ಮೈಯೆಲ್ಲಾ ಬಾತವರು ಮನೆಯಲ್ಲಿದ್ದರೆ ಇನ್ನೂ ಬೇಗನೆ ತೆಗೆಯಬೇಕು. ಗೂಡು ಬೊಟ್ಟಿನಷ್ಟಿರುವಾಗ ಕೆಲಸ ಸುಲಭ. ಅಂಗೈಯಷ್ಟಾದ ಮೇಲೆ ಕಷ್ಟ. ಆದದರಿಂದ ಹದಿನೈದು ದಿವಸಕ್ಕೊಮ್ಮೆ ಸೂರು, ಜಂತಿ, ಬೆಳಕಿಂಡಿಗಳನ್ನು ನೋಡುವದು ಒಳ್ಳೇದು.

ಸಣ್ಣ ಕಾಗದದ ಗೂಡನ್ನು ತೆಗೆಯುವ ಕ್ರಮವೇನಂದರೆ: ಹಗಲಿನಲ್ಲಿ ದೂರದಿಂದ ಸ್ಥಳವನ್ನು ನೋಡಿಡಿರಿ. ಕತ್ತಲಾಗಿ ಎಲ್ಲಾ ಹುಳಗಳು ಗೂಡು ಸೇರಿದ ತರುವಾಯ ಹೋಗಿರಿ. ದಪ್ಪವಾದ ತುಂಬುತೋಳಿನ ಅಂಗಿ, ಕಾಲುಚೀಲ, ತಲೆಗೂ ಮುಖಕ್ಕೂ ಬಲೆ, ಕೈಗೆ ಚೀಲ ಇರಲಿ. ಹುಳಗಳು ಬೆಳಕಿಗೆ ಹಾರುವದರಿಂದ ಟಾರ್ಚನ್ನು ಕೈಯಲ್ಲಿ ಹಿಡಿಯದೆ, ಕೆಂಪು ಕಾಗದ ಸುತ್ತಿ ದೂರದಲ್ಲಿ ಇಡಿರಿ. ಹೊಸದಾಗಿ ತೊಳೆದ ಪಂಪಿನಲ್ಲಿ ಸಾಬೂನು ಚೆನ್ನಾಗಿ ಕಲಸಿದ ನೀರನ್ನು ತುಂಬಿ, ಉದ್ದವಾದ ಕೊಳವೆಯಿಂದ ಗೂಡು ಪೂರಾ ನೆನೆಯುವಂತೆ ಹೊಡೆಯಿರಿ. ಸಾಬೂನಿನ ನೀರು ಹುಳದ ಉಸಿರಿನ ರಂಧ್ರಗಳನ್ನು ಹೊಕ್ಕು ಅದನ್ನು ಕೊಲ್ಲುತ್ತದೆ. ಬಳಿಕ ಗೂಡನ್ನು ಸಾಬೂನು ನೀರಿನ ಬಕೆಟ್ಟಿಗೆ ಬೀಳಿಸಿ, ತೊಟ್ಟನ್ನು ಕೆರೆಯಿರಿ. ನಿಚ್ಚಣಿಕೆ ಹತ್ತಿ ಈ ಕೆಲಸ ಮಾಡಬಾರದು. ಕುಟುಕಿಗಿಂತ ಬೀಳುವದೇ ಹೆಚ್ಚು ಕೇಡು. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಗೂಡಿದ್ದರೆ ನೀರು ಹೊಡೆಯಬಾರದು. ಜೆಸ್ಕಾಂ ಲೈನ್‌ಮ್ಯಾನನಿಗೆ ಹೇಳಿ ಕರೆಂಟು ತೆಗೆಸದೆ ಮುಟ್ಟಲೂಬಾರದು. ಹೊಲಕ್ಕೆ ಹೊಡೆಯುವ ವಿಷವನ್ನು ಅಡಿಗೆಮನೆಯಲ್ಲಾಗಲಿ ಕಾಳಿನ ಚೀಲಗಳ ಹತ್ತಿರವಾಗಲಿ ಉಪಯೋಗಿಸಬೇಡಿರಿ. ಬೆಳೆಯ ಔಷಧಗಳ ವಿಷಯದಲ್ಲಿ ಸಂಶಯವಿದ್ದರೆ ನಮ್ಮ ತಾಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ.

ದೊಡ್ಡ ಕಡಜದ ಗೂಡನ್ನು ಸ್ವಂತವಾಗಿ ತೆಗೆಯಬಾರದು. ಬಿಲದ ಬಾಯಿಗೆ ಮಣ್ಣು ಮೆತ್ತಿದರೆ ಅವು ಮತ್ತೊಂದು ದಾರಿ ಕೊರೆದುಕೊಂಡು ಮನೆಯೊಳಕ್ಕೇ ಬಂದಾವು. ಒಂದನ್ನು ಜಜ್ಜಿದರೆ ಅದರ ವಿಷದ ವಾಸನೆಗೆ ಉಳಿದವು ಕೆರಳುತ್ತವೆ. ಸುತ್ತಲೂ ಮುಳ್ಳುಬೇಲಿ ಹಾಕಿ, ಮಕ್ಕಳನ್ನೂ ದನಗಳನ್ನೂ ದೂರವಿಟ್ಟು, ಅಗ್ನಿಶಾಮಕ ದಳದವರಿಗೆ 101ಕ್ಕೆ ತಿಳಿಸಿ ಸಹಾಯ ಕೇಳಿರಿ.

ಬೆಂಕಿಯ ಮಾತು. ಹಳೇ ಮಾಳಿಗೆಮನೆಗಳಲ್ಲಿ ಸೂರಿನ ಹಿಂದೆ ಒಣಗಿದ ಜಂತಿಯುಂಟು; ಹಿತ್ತಲಲ್ಲಿ ಕಣಿಕೆಯ ಬಣವೆಯುಂಟು. ಒಂದು ಕೊಳ್ಳಿಯ ಕಿಡಿಯಿಂದ ಗೂಡಿನ ಸಂಗಡ ವರುಷದ ಮೇವೂ ಮನೆಯೂ ಹೋದೀತು. ಪೆಟ್ರೋಲು ಸುರಿಯುವದು ಇನ್ನೂ ಕೆಟ್ಟದ್ದು. ಸುರಿಯುವವನ ಬಟ್ಟೆಗೇ ಅದು ಹತ್ತುತ್ತದೆ. ನೂರು ರೂಪಾಯಿಯ ಆಶೆ ತೋರಿಸಿ ಬಡವರ ಹುಡುಗನ ಕೈಯಲ್ಲಿ ಪಂಜು ಕೊಟ್ಟು ಮೇಲಕ್ಕೆ ಹತ್ತಿಸುವವನು, ತನ್ನ ಮಗನನ್ನು ಹಾಗೆ ಹತ್ತಿಸುವನೋ ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿ.

4. ಕುಟುಕಿದರೆ ಮಾಡತಕ್ಕದ್ದು

ಕೈ ಬೀಸದೆ, ಮುಖ ಮುಚ್ಚಿಕೊಂಡು ದೂರ ಓಡಿ, ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳಿರಿ. ಜೇನುಹುಳವು ಮುಳ್ಳನ್ನು ಮೈಯಲ್ಲಿ ಬಿಡುತ್ತದೆ. ಅದನ್ನು ತಡಮಾಡದೆ ಕಿತ್ತುಹಾಕಿರಿ. ಕಣಜವು ಮುಳ್ಳನ್ನು ಬಿಡದೆ ಅನೇಕ ಸಾರಿ ಕುಟುಕಬಲ್ಲದು. ಗಾಯವನ್ನು ಸಾಬೂನಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಿರಿ. ಸುಣ್ಣ ಬಳಿಯುತ್ತಲೂ ಕಬ್ಬಿಣ ತಿಕ್ಕುತ್ತಲೂ ಹೊತ್ತು ಕಳೆಯಬೇಡಿರಿ.

ಕೆಲವರಿಗೆ ಒಂದೇ ಕುಟುಕಿನಿಂದ ಮೈಯೆಲ್ಲಾ ದದ್ದು ಎದ್ದು, ತುಟಿಯೂ ನಾಲಿಗೆಯೂ ಬಾತು, ಉಸಿರು ಕಟ್ಟಿ, ತಲೆ ತಿರುಗಿ ಬೀಳುವಂತಾಗುತ್ತದೆ. ಇದು ನಿಮಿಷಗಳಲ್ಲಿ ಕೊಲ್ಲಬಲ್ಲದು. ಇದಕ್ಕೆ ಮೊದಲನೆಯ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ರೋಗಿಯನ್ನು ನಡೆಸದೆ, ಮಲಗಿಸಿ ಕಾಲುಗಳನ್ನು ಎತ್ತರಿಸಿ, 108ಕ್ಕೆ ಕರೆಮಾಡಿರಿ. ಉಸಿರಾಟ ಕಷ್ಟವಾದರೆ ಕೂಡ್ರಿಸಿರಿ. ಬಹಳ ಹುಳಗಳು ಕುಟುಕಿದವನು ಆಗ ಚೆನ್ನಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಯಾಕಂದರೆ ಆ ವಿಷದಿಂದ ಸ್ನಾಯುಗಳೂ ರಕ್ತಕಣಗಳೂ ಒಡೆದು, ಒಂದೆರಡು ದಿವಸಗಳಲ್ಲಿ ಮೂತ್ರ ಕೆಂಪಾಗಿ, ಮೂತ್ರಪಿಂಡಗಳು ಕೆಡಬಹುದು.

ವಿಚಾರಿಸತಕ್ಕ ಪ್ರಶ್ನೆಗಳು

1. ನಿಮ್ಮ ಮನೆಯ ಸುತ್ತ ಯಾವ ಯಾವ ವಿಧದ ಗೂಡುಗಳಿವೆ? ಅವುಗಳಲ್ಲಿ ಬಿಡತಕ್ಕವು ಎಷ್ಟು?
2. ಚಳಿದೇಶದವರಂತೆ ನಾವು ಚಳಿಗಾಲದ ತನಕ ಯಾಕೆ ಕಾಯಲಾಗದು?
3. ದೊಡ್ಡ ಕಡಜದ ಬಿಲವನ್ನು ಮುಚ್ಚಿದರೆ ಏನಾಗುವದು?
4. ಕುಟುಕಿಸಿಕೊಂಡವನಲ್ಲಿ ಯಾವ ಗುರುತುಗಳನ್ನು ಕಂಡರೆ ಕೂಡಲೆ 108ಕ್ಕೆ ಕರೆಯಬೇಕು?
5. ನಿಮ್ಮ ಊರಿನಲ್ಲಿ ಗೂಡು ಸುಡುವದಕ್ಕೆ ಯಾರನ್ನು ಕಳುಹಿಸುತ್ತಾರೆ? ಅವನಿಗೆ ಕೇಡಾದರೆ ಹೊಣೆ ಯಾರದು?